ಕೋಟಿನ ಗುಂಡಿಯ ರೇಡಿಯೋ

ಸುದ್ದಿಯಕ್ಕನ ಕೋಪ ಮೂಗಿನ ತುದಿಯಲ್ಲಿದೆ ಎಂದು ಓಣಿಯವರೆಲ್ಲ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿರುವುದು ಅವಳ ಕನ್ನಡಕ. ಕೋಪ ಅಡಿಯಿಂದ ಮುಡಿಯವರೆಗೂ ಇದೆ. ಬಟ್ಟೆ ಸಾಲದಿದ್ದರೂ "ಹೇಗಾದ್ರೂ ಮಾಡಿ ಫುಲ್ ತೋಳು ಕೂರಿಸಿ" ಅಂದ ಗಿರಾಕಿಗೆ, "ಅರ್ಧ ತೋಳು ಕತ್ತರಿಸ್ಕೊಂಡು ಬನ್ನಿ, ಕೂರಿಸ್ತೀನಿ" ಅಂದವಳು ಅವಳು. ಅವಳ ಹೊಲಿಗೆ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಬೈಕು ನಿಲ್ಲಿಸಲು ಪೊಲೀಸರೂ ಎರಡು ಸಲ ಯೋಚಿಸುತ್ತಾರೆ.

ಆದರೆ ಸಂಜೆ ಸರ್ಕಾರಿ ರೇಡಿಯೋ ಕೇಂದ್ರದ ಮೂರನೇ ಸ್ಟುಡಿಯೋದಲ್ಲಿ ಕೆಂಪು ದೀಪ ಹೊತ್ತಿಕೊಂಡಿತೋ, ಅದೇ ಬಾಯಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸುದ್ದಿ ಬರುತ್ತದೆ. ಅಯ್ಯೋ, ಇವಳೇನಾ ಅವಳು ಅನ್ನಿಸಬೇಕು. ಅರ್ಧ ಗಂಟೆ. ಅಷ್ಟೇ ಅವಳಿಗೆ ಸಿಕ್ಕಿರುವುದು. ಉಳಿದ ಹೊತ್ತೆಲ್ಲ ಆ ಕೇಂದ್ರದಲ್ಲಿ ದೊಡ್ಡ ಭಾಷೆಯದ್ದೇ ದರ್ಬಾರು. ಈ ಅರ್ಧ ಗಂಟೆ ಮಾತ್ರ ಕಾಗದದ ಗಿರಣಿಯ ಹಿಂದಿನ ಓಣಿಗಳ ಜನರ ಮನೆಮಾತಿನದು. ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಗಿರಣಿಯ ಕೆಲಸಕ್ಕೆಂದು ಬಂದು ನಿಂತ ಜನ. ಗಂಡಸರು ದೊಡ್ಡ ಭಾಷೆಯನ್ನು ಕೆಲಸಕ್ಕೆ ಬೇಕಾದಷ್ಟು ಕಲಿತರು. ಹೆಂಗಸರು, ಅದರಲ್ಲೂ ವಯಸ್ಸಾದವರು, ಮನೆಮಾತಿನಲ್ಲೇ ಹುಟ್ಟಿ ಮನೆಮಾತಿನಲ್ಲೇ ಮುದುಕಿಯರಾದರು.

ಮೊದಲು ದೇಶದ ಸುದ್ದಿ, ಆಮೇಲೆ ಊರಿನ ಸುದ್ದಿ. ಅದಾದ ಮೇಲೆ ಬರುವುದೇ ನಿಜವಾದ ಸುದ್ದಿ: ಯಾರು ತೀರಿಕೊಂಡರು, ಮಣ್ಣು ಯಾವಾಗ, ನಲ್ಲಿಯಲ್ಲಿ ನೀರು ಎಂದು ಬರುವುದಿಲ್ಲ, ಗಿರಣಿಯಲ್ಲಿ ಯಾವ ಪಾಳಿ ಬದಲಾಯಿತು. ಕೊನೆಗೆ 'ಕಳೆದದ್ದು ಸಿಕ್ಕಿದ್ದು'. ಕೊಡೆ, ಕೀಲಿಕೈ, ಮೇಕೆ, ಒಮ್ಮೆ ಒಬ್ಬ ಅಳಿಯ. ಅಳಿಯ ಸಿಕ್ಕ. ಕೊಡೆ ಸಿಗಲಿಲ್ಲ. ಗಿರಣಿಯೊಳಗೆ ಫೋನು ಬಿಡುವುದಿಲ್ಲ. ಹಾಳೆ ವಿಂಗಡಿಸುವ ಹೆಂಗಸರ ಉದ್ದನೆಯ ಮೇಜಿನ ಕೊನೆಯಲ್ಲಿ ಒಂದು ರೇಡಿಯೋ ಇರುತ್ತದೆ, ಇವಳ ದನಿ ಬಂದಾಗ ಮೇಲ್ವಿಚಾರಕನೂ ಬಾಯಿ ಮುಚ್ಚಿಕೊಳ್ಳುತ್ತಾನೆ.

ಈ ಅರ್ಧ ಗಂಟೆಯನ್ನು ಯಾರೂ ದಾನ ಕೊಟ್ಟದ್ದಲ್ಲ. ಅದನ್ನು ಮೊದಲು ತಿಳಿದುಕೊಳ್ಳಿ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ಒಂದು ವರ್ಷ ಲೈಸೆನ್ಸಿನ ಹೊಸ ನಿಯಮ ಬಂತು. ನೋಟಿಸು ಗಿರಣಿಯ ಗೋಡೆಗೂ ಅಂಟಿಸಿದರು, ದೊಡ್ಡ ಭಾಷೆಯಲ್ಲಿ. ಓಣಿಯಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದರು? ಜನ ಅದರ ಪಕ್ಕದಲ್ಲೇ ಬೆನ್ನು ಒರಗಿಸಿ ಬೀಡಿ ಸೇದಿದರು. ಆಮೇಲೊಂದು ದಿನ ಚೀಲ ನೇತುಹಾಕಿಕೊಂಡು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಇಬ್ಬರು ಬಂದು, "ಮನೇಲಿ ರೇಡಿಯೋ ಇದೆಯಾ?" ಎಂದು ನಗುನಗುತ್ತಲೇ ಕೇಳಿದರು. ಜನ ಸಂಭ್ರಮದಿಂದ "ಇದೆ, ಬನ್ನಿ ನೋಡಿ" ಅಂದರು. ಇದೆ ಅಂದವರ ರೇಡಿಯೋಗಳೆಲ್ಲ ಸಂಜೆಯೊಳಗೆ ಇಲಾಖೆಯ ವ್ಯಾನಿನಲ್ಲಿದ್ದವು.

ಆ ವ್ಯಾನಿನಲ್ಲಿ ಹೋದದ್ದರಲ್ಲಿ ಸುದ್ದಿಯಕ್ಕನ ಅಪ್ಪನ ರೇಡಿಯೋವೂ ಒಂದು. ಅಪ್ಪ ದರ್ಜಿ. ಆಗ ಅವಳು ಅಮ್ಮನ ಕಂಕುಳಲ್ಲಿದ್ದ ಕೂಸು. ಓಣಿಯಲ್ಲಿ ನಾಲ್ಕಕ್ಷರ ಬಲ್ಲ ಒಬ್ಬರೇ ಒಬ್ಬರು ಮೇಷ್ಟ್ರು ಕೇಂದ್ರದ ಗೇಟಿನ ಮುಂದೆ ಜನರನ್ನು ಕಟ್ಟಿಕೊಂಡು ಕೂತರು. "ನಿಮ್ಮ ಕಾನೂನು ನಮಗೆ ತಿಳಿಯೋ ಮಾತಲ್ಲಿ ಹೇಳದೆ ನಮ್ಮ ಸಾಮಾನು ಹೊತ್ಕೊಂಡು ಹೋಗೋಕೆ ನೀವ್ಯಾರು?" ಅಂದರು. ಪತ್ರಿಕೆಗಳಲ್ಲಿ ಗಲಾಟೆಯಾಯಿತು. ಸರ್ಕಾರ ರೇಡಿಯೋಗಳನ್ನು ಹಿಂದಿರುಗಿಸಲಿಲ್ಲ, ಅರ್ಧ ಗಂಟೆ ಕೊಟ್ಟು ಕೈತೊಳೆದುಕೊಂಡಿತು. ಮೇಷ್ಟ್ರೇ ಸುದ್ದಿ ಓದತೊಡಗಿದರು. ಅಪ್ಪ ಮತ್ತೊಂದು ರೇಡಿಯೋ ಕೊಂಡುತರುವಷ್ಟರಲ್ಲಿ ಮಗಳು ಶಾಲೆಗೆ ಹೋಗುತ್ತಿದ್ದಳು.

ಅಮ್ಮ ಆವತ್ತಿನಿಂದ ಒಂದು ಪಾಠ ಕಲಿತಳು, ಓಣಿಗೆಲ್ಲ ಕಲಿಸಿದಳು. ಚೀಲ, ಪೆನ್ನು, ನಗು ಮೂರೂ ಒಟ್ಟಿಗೆ ಕಂಡರೆ ರೇಡಿಯೋ ಹಿಟ್ಟಿನ ಡಬ್ಬಕ್ಕೆ ಹೋಗಬೇಕು. ಅಮ್ಮನ ಇನ್ನೊಂದು ಹಟವೂ ಇದೆ. ಅಪ್ಪನ ಮದುವೆಯ ಕೋಟು ಈಗಲೂ ಟ್ರಂಕಿನಲ್ಲಿದೆ. ಅದಕ್ಕೆ ನಡುವಿನ ಒಂದು ಗುಂಡಿ ಇಲ್ಲ. ದರ್ಜಿಯ ಮಗಳು, ತಾನೂ ದರ್ಜಿ, ಸುದ್ದಿಯಕ್ಕ ಎಷ್ಟೋ ಸಲ ಗುಂಡಿ ಹಚ್ಚಲು ಸೂಜಿ ಹಿಡಿದಿದ್ದಾಳೆ. "ಮುಟ್ಟಬೇಡ, ಅದು ಹಾಗೇ ಇರ್ಲಿ" ಎಂದು ಅಮ್ಮ ಪ್ರತಿಸಲವೂ ಕಸಿದುಕೊಂಡಿದ್ದಾಳೆ. ಯಾಕೆ ಎಂದು ಹೇಳಿಲ್ಲ.

ಸುದ್ದಿಯಕ್ಕ ಮೈಕಿನ ಮುಂದೆ ಕೂತದ್ದೂ ಆ ಹೊಲಿಗೆ ಅಂಗಡಿಯಿಂದಲೇ. ಅಪ್ಪ ಹೋದ ಮೇಲೆ ಕತ್ತರಿ ಅವಳ ಕೈಗೆ ಬಂತು. ಕತ್ತರಿ ಆಡಿಸುತ್ತಲೇ ದೊಡ್ಡ ಭಾಷೆಯ ಪೇಪರು ನೋಡಿ, ಒಂದು ತೊದಲಿಲ್ಲದೆ, ಅಮ್ಮನಿಗೆ ಮನೆಮಾತಿನಲ್ಲಿ ಹೇಳುತ್ತಿದ್ದಳು. ಅಂಗಿ ಹೊಲಿಸಲು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಅವರ ಗಂಟಲು ಆಗಲೇ ಕೆಟ್ಟಿತ್ತು. "ನಾಳೆಯಿಂದ ನನ್ನ ಜೊತೆ ಬಾ" ಅಂದರು. ಅವತ್ತು ಹೋದವಳು ಇವತ್ತಿಗೂ ಹೋಗುತ್ತಿದ್ದಾಳೆ, ಗುತ್ತಿಗೆಯ ಮೇಲೆ. ಕಾಯಂ ಮಾಡುತ್ತೇವೆ ಎಂದು ಬಂದ ಸಾಹೇಬರೆಲ್ಲ ಹೇಳಿ, ತಾವು ಕಾಯಂ ಆಗಿ ಪಿಂಚಣಿ ತೆಗೆದುಕೊಂಡು ಹೋದರು. ಮದುವೆಯ ಮಾತೆತ್ತಿದರೆ ಅಮ್ಮ, "ಅವಳಿಗಾಗಿದೆಯಲ್ಲ, ಆ ಮೈಕಿನ ಜೊತೆ. ಗಂಡನಾದ್ರೂ ಒಂದಿನ ಮಾತಾಡ್ತಿದ್ದ, ಅದು ಬರೀ ಕೇಳ್ಸ್ಕೊಳ್ಳುತ್ತೆ" ಅನ್ನುತ್ತಾಳೆ.

ಸ್ಟುಡಿಯೋದ ಗಾಜಿನಾಚೆ ಕೂರುವವನು ತಂತಿಯಣ್ಣ. ಧ್ವನಿಯ ಯಂತ್ರಗಳನ್ನು ನೋಡಿಕೊಳ್ಳುವವನು, ದೊಡ್ಡ ಭಾಷೆಯವನು. ಮನೆಮಾತು ಅವನಿಗೆ ಒಂದಕ್ಷರ ಬರುವುದಿಲ್ಲ. ಆದರೂ ಅವಳು ಉಸಿರೆಳೆದ ರೀತಿಯಲ್ಲೇ ಸಾವಿನ ಸುದ್ದಿ ಬಂತು ಎಂದು ತಿಳಿದು ಬಾಯೊಳಗಿನ ಅಡಕೆ ಪಕ್ಕಕ್ಕೆ ಸರಿಸುತ್ತಾನೆ. ಅವನೊಮ್ಮೆ ಕೇಳಿದ್ದ, "ಅಲ್ಲಮ್ಮಾ, ಇಷ್ಟು ವರ್ಷ ಆಯ್ತು, ನೀನು ಸರ್ಕಾರದ ಮಾತನ್ನ ನಿಮ್ಮ ಜನಕ್ಕೆ ಹೇಳ್ತಾನೇ ಇದೀಯ. ನಿಮ್ಮ ಜನದ ಮಾತನ್ನ ಸರ್ಕಾರಕ್ಕೆ ಯಾರು ಹೇಳ್ತಾರೆ?" ಅದಕ್ಕೆ ಅವಳು, "ಸರ್ಕಾರ ಕೇಳಿದ್ರೆ ಹೇಳಬಹುದಣ್ಣ" ಅಂದಿದ್ದಳು.

ಹೀಗಿರುವಾಗ ಕೇಂದ್ರಕ್ಕೆ ಹೊಸ ಸಾಹೇಬ ಬಂದ. ಇಸ್ತ್ರಿ ಮುರಿಯದ ಅಂಗಿ, ನಿಧಾನದ ಮಾತು. ಬಂದ ವರ್ಷವೇ ಹಜಾರದಲ್ಲಿ ಗೋಡೆಯುದ್ದಕ್ಕೂ ಒಂದು ಗಾಜಿನ ಬೀರು ಮಾಡಿಸಿದ. ಒಳಗೆ ದೀಪ, ದೀಪದ ಕೆಳಗೆ ಮಖಮಲ್ಲು, ಮಖಮಲ್ಲಿನ ಮೇಲೆ ಉಗ್ರಾಣದ ಧೂಳಿನಿಂದ ಎತ್ತಿ ತಂದ ಹಳೆಯ ರೇಡಿಯೋಗಳು. 'ನಮ್ಮ ಪರಂಪರೆ' ಎಂದು ಮೇಲೊಂದು ಬೋರ್ಡು. ಮಂತ್ರಿ ಬಂದು ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದ. ಆ ಹಣ ಎಲ್ಲಿಯದು ಗೊತ್ತೇ? ಸಣ್ಣ ಭಾಷೆಗಳ ಪ್ರಸಾರಕ್ಕೆಂದು ಸರ್ಕಾರ ತೆಗೆದಿಟ್ಟ ನಿಧಿ! ಮೂರನೇ ಸ್ಟುಡಿಯೋದ ಫ್ಯಾನು ಕೆಟ್ಟು, ಸುದ್ದಿಯಕ್ಕ ಸೆರಗಿನಿಂದ ಗಾಳಿ ಹಾಕಿಕೊಂಡು ಓದುತ್ತಿದ್ದ ವರ್ಷ ಅದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಫ್ಯಾನಿಗೆ ರಿಬ್ಬನ್ ಕಟ್ಟಿ ಕತ್ತರಿಸಲು ಯಾವ ಮಂತ್ರಿ ಬಂದಾನು?

ಆ ಬೀರುವಿನ ಮುಂದೆ ದಿನಾ ಹಾದುಹೋಗುವಾಗ ಸುದ್ದಿಯಕ್ಕನ ಕಣ್ಣು ಒಂದು ರೇಡಿಯೋದ ಮೇಲೆ ಬೀಳುತ್ತಿತ್ತು. ಅದರ ಸ್ಟೇಷನ್ ತಿರುಗಿಸುವ ಗುಂಡಿ ಕಳೆದುಹೋಗಿ, ಆ ಜಾಗದಲ್ಲಿ ಯಾರೋ ಕೋಟಿನ ದಪ್ಪ ಕಂದು ಗುಂಡಿ ಕೂರಿಸಿದ್ದರು. ಕೆಳಗೆ ಚೀಟಿ: 'ಅಜ್ಞಾತ ಬಳಕೆದಾರನ ಜನಪದ ಜಾಣ್ಮೆ.' ಯಾವ ಜಿಪುಣನಪ್ಪಾ ಇವನು ಎಂದು ಅವಳು ನಕ್ಕಿದ್ದೂ ಉಂಟು.

ಒಂದು ದಿನ ಸಾಹೇಬ ಅವಳನ್ನು ಕರೆಸಿದ. "ನೋಡಿ ಮೇಡಂ, ಇನ್ಮೇಲೆ ಕೇಳುಗರ ಸಂಖ್ಯೆ ನೋಡಿ ನಿಧಿ ಕೊಡ್ತಾರೆ. ಮನೆಮನೆ ಸಮೀಕ್ಷೆ ಆಗುತ್ತೆ."

"ಆಗ್ಲಿ ಸಾರ್. ನಮ್ಮ ಓಣೀಲಿ ಕಿವಿ ಇರೋರೆಲ್ಲ ಕೇಳ್ತಾರೆ."

"ಆದ್ರೆ ಒಂದು. ಸಮೀಕ್ಷೆ ವಿಷ್ಯ ನೀವು ಪ್ರಸಾರದಲ್ಲಿ ಹೇಳೋ ಹಾಗಿಲ್ಲ, ಜನರ ಹತ್ರಾನೂ ಮಾತಾಡೋ ಹಾಗಿಲ್ಲ. ಹೇಳಿಕೊಟ್ಟು ಹೇಳಿಸಿದ್ರು ಅಂತ ಆಗಬಾರದು."

ಸರಿ ಅಂದಳು. ಅವಳಿಗೆ ಎಷ್ಟು ಭರವಸೆ ಎಂದರೆ, ಅಮ್ಮನಿಗೂ ಬಾಯಿ ಬಿಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವಳಲ್ಲ ಅವಳು. ಅದೇ ಮುಳುವಾಯಿತು.

ಸಮೀಕ್ಷೆಯವರು ಬಂದರು, ಮಧ್ಯಾಹ್ನದ ಹೊತ್ತು, ಅವಳು ಬಟ್ಟೆ ತರಲು ಪೇಟೆಗೆ ಹೋಗಿದ್ದಾಗ. ಚೀಲ ಇತ್ತು. ಪೆನ್ನು ಇತ್ತು. ನಗು ಧಾರಾಳವಾಗಿತ್ತು. ಹೋದ ಮೇಲೆ ಓಣಿಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಎತ್ತುವುದೇನಿದೆ, ಗಂಡಾಂತರ ಬಂದಿತ್ತು, ಹೋಯಿತು.

ಫಲಿತಾಂಶ ಬಂದ ದಿನ ಸಾಹೇಬ ಅವಳಿಗೆ ಕುರ್ಚಿ ಕೊಟ್ಟ. ಕುರ್ಚಿ ಕೊಟ್ಟಾಗಲೇ ಸುದ್ದಿ ಕೆಟ್ಟದ್ದು ಎಂದು ಅವಳಿಗೆ ಗೊತ್ತಾಯಿತು. ಆ ಕೋಣೆಯಲ್ಲಿ ಒಳ್ಳೆಯ ಸುದ್ದಿಯನ್ನು ಯಾವತ್ತೂ ನಿಂತೇ ಕೇಳಿದವಳು.

"ನಿಮ್ಮ ಓಣಿಗಳಲ್ಲಿ ಒಂದು ಮನೇಲೂ ರೇಡಿಯೋನೇ ಇಲ್ವಂತಲ್ಲ ಮೇಡಂ. ಕೇಳೋರೇ ಇಲ್ಲದ ಮೇಲೆ ಕಾರ್ಯಕ್ರಮಕ್ಕೆ ನಿಧಿ ಯಾಕೆ? ಈ ತಿಂಗಳ ಕೊನೆಗೆ ನಿಲ್ಲಿಸ್ತಾ ಇದೀವಿ. ನಾಳೆ ಮಧ್ಯಾಹ್ನ ನನ್ನ ವರದಿ ಮೇಲಿನ ಕಚೇರಿಗೆ ಹೋಗುತ್ತೆ."

"ಒಂದೂ ಇಲ್ವಾ?"

"ಒಂದೂ ಇಲ್ಲ."

ಅವಳು ಎದ್ದಳು. ಕುರ್ಚಿಯನ್ನು ಎತ್ತಿ ಇದ್ದ ಜಾಗದಲ್ಲೇ ಕುಕ್ಕಿದಳು. ಅಲ್ಲಿಂದ ಓಣಿಯವರೆಗೆ ಬಸ್ಸು ಹತ್ತಿದ್ದೂ ನೆನಪಿಲ್ಲ, ಇಳಿದದ್ದೂ ನೆನಪಿಲ್ಲ. ಓಣಿಯ ಬಾಯಲ್ಲಿ ನಿಂತು ಬಾಯಿ ತೆರೆದಳು ನೋಡಿ, ಗಿರಣಿಯ ಸೀಟಿಯೂ ನಾಚಬೇಕು.

"ಯಾರೇ ಹೇಳಿದ್ದು ಮನೇಲಿ ರೇಡಿಯೋ ಇಲ್ಲ ಅಂತ? ಆಚೆ ಬನ್ನಿ! ದಿನಾ ನನ್ನ ಬಾಯಿ ಒಣಗಿಸ್ಕೊಂಡು ಓದೋದು ಯಾರಿಗೆ, ಗೋಡೆಗಾ? ನಿಮ್ಮ ಹಿಟ್ಟಿನ ಡಬ್ಬಕ್ಕಾ?"

ಬಾಗಿಲುಗಳು ತೆರೆದವು. ಇಸ್ತ್ರಿ ಅಂಗಡಿಯ ಅತ್ತೆ ಮೊದಲು ಬಂದಳು. "ಏನೇ ಇದು, ಕೊರಳು ಕಿತ್ತೋಗೋ ಹಾಗೆ? ಬಂದಿದ್ರು, ಇಲ್ಲ ಅಂದ್ವಿ, ಹೋದ್ರು. ಕಿತ್ಕೊಂಡು ಹೋಗೋಕೆ ಬಂದೋರಿಗೆ ಇದೆ ಅನ್ನಬೇಕಿತ್ತಾ?"

"ಅವರು ಕಿತ್ಕೊಂಡು ಹೋಗೋಕೆ ಬಂದಿರಲಿಲ್ಲ ಅತ್ತೆ! ಕೇಳ್ತೀರೋ ಇಲ್ವೋ ಅಂತ ತಿಳ್ಕೊಳ್ಳೋಕೆ ಬಂದಿದ್ರು. ನೀವು ಇಲ್ಲ ಅಂದ್ರಿ, ಈಗ ಕಾರ್ಯಕ್ರಮಾನೇ ಮುಚ್ತಾರೆ!"

ಅತ್ತೆಯ ಕೈ ಬಾಯಿಗೆ ಹೋಯಿತು. "ನಮಗೇನು ಗೊತ್ತೇ ತಾಯಿ? ನಿಮ್ಮಮ್ಮನೇ ಮನೆಮನೆಗೆ ಓಡಿ ಬಂದು ಹೇಳಿದ್ಲು, ಮುಚ್ಚಿಡಿ ಮುಚ್ಚಿಡಿ ಅಂತ."

ಸುದ್ದಿಯಕ್ಕ ಮನೆಯೊಳಕ್ಕೆ ನುಗ್ಗಿದಳು. ಅಮ್ಮ ಮಂಚದ ಮೇಲೆ ಕೂತು, ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕಂಟಿದ್ದ ಹಿಟ್ಟನ್ನು ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದಳು. ಸಮೀಕ್ಷೆಯವರು ಹೋಗಿ ವಾರಗಳಾಗಿದ್ದರೂ ಸಂದಿಯಲ್ಲಿ ಹಿಟ್ಟು ಉಳಿದಿತ್ತು.

"ಮನೆಹಾಳು ಕೆಲ್ಸ ಮಾಡಿದ್ಯಲ್ಲಮ್ಮಾ! ಬಾಯಿ ತುಂಬ ಇದೆ ಅನ್ನೋಕೆ ಏನಾಗಿತ್ತು ನಿಂಗೆ?"

ಅಮ್ಮ ತಲೆಯೆತ್ತಿದಳು. ಅವಳಿಗೂ ಕೋಪ ಕಡಿಮೆಯೇನಿಲ್ಲ. ಮಗಳಿಗೆ ಬಂದದ್ದು ಅಲ್ಲಿಂದಲೇ. "ನಿಮ್ಮಪ್ಪನದು ತಗೊಂಡು ಹೋದಾಗ ನಾನೇ ಕಣೇ ಬಾಯಿ ತುಂಬ ಇದೆ ಅಂದಿದ್ದು. ಬನ್ನಿ, ಹಾಡು ಕೇಳ್ಕೊಂಡು ಹೋಗಿ ಅಂತ ಕೂರಿಸಿ ನೀರೂ ಕೊಟ್ಟೆ. ಇನ್ನೊಂದ್ಸಲ ಅನ್ನಲಾ? ಇದನ್ನೂ ಹೊತ್ಕೊಂಡು ಹೋದ್ರೆ ದಿನಾ ಸಂಜೆ ನಿನ್ನ ದನಿ ಎಲ್ಲಿ ಕೇಳ್ಲಿ? ಮನೆಗೆ ಬಂದ್ರೆ ನೀನು ಬೈಗುಳ ಬಿಟ್ಟು ಬೇರೆ ಮಾತಾಡ್ತೀಯಾ? ಆ ಅರ್ಧ ಗಂಟೇನೇ ನೀನು ನನ್ನ ಹತ್ರ ನೆಟ್ಟಗೆ ಮಾತಾಡೋದು."

ಸುದ್ದಿಯಕ್ಕನ ಕೋಪ ಎಲ್ಲೂ ಹೋಗಲಿಲ್ಲ, ಆದರೆ ಅದರ ಮುಖ ತಿರುಗಿತು. ತಪ್ಪು ಅಮ್ಮನದಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂತ ತನ್ನದು, ಬೀಗ ಹಾಕಿಸಿದವನದು, ಅದಕ್ಕೂ ಹಿಂದೆ ವ್ಯಾನು ತಂದವರದು. ಅವರ್ಯಾರೂ ಹಿಟ್ಟು ಒರೆಸುತ್ತ ಕೂತಿಲ್ಲ.

"ಏಳು. ರೇಡಿಯೋ ತಗೋ. ನಡಿ ನನ್ನ ಜೊತೆ."

"ಎಲ್ಲಿಗೆ?"

"ಕೇಂದ್ರಕ್ಕೆ. ಸಾಹೇಬನ ಮೇಜಿನ ಮೇಲಿಟ್ಟು ಇದೆ ಅನ್ನು."

ಅಮ್ಮ ಏಳಲಿಲ್ಲ. ಆ ಗೇಟಿನ ಕಡೆ ಅವಳು ಈ ಜನ್ಮದಲ್ಲಿ ಹೋದವಳಲ್ಲ. ಮಗಳು ಅಷ್ಟು ವರ್ಷ ದುಡಿದ ಜಾಗವನ್ನೂ ನೋಡಿರಲಿಲ್ಲ. ಕೊನೆಗೆ ಬನಿಯನ್ನು ಮಡಚಿಟ್ಟಳು. "ಕೊಟ್ಟು ಬರೋದಾದ್ರೆ ನಾನು ಬರಲ್ಲ. ತೋರಿಸಿ ವಾಪಸ್ ತರೋದಾದ್ರೆ ಬರ್ತೀನಿ" ಅಂದಳು. ರೇಡಿಯೋವನ್ನು ಶಾಲಿನಲ್ಲಿ ಸುತ್ತಿ, ಕೂಸನ್ನೆತ್ತಿದ ಹಾಗೆ ಎದೆಗವಚಿಕೊಂಡು ಬಸ್ಸು ಹತ್ತಿದಳು. ಪಕ್ಕದ ಸೀಟಿನ ಹೆಂಗಸು ಮಗುವಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದಳು.

ಗೇಟಿನಲ್ಲಿ ಕಾವಲಿನವನು ತಡೆದ. "ಹೊರಗಿನ ಯಂತ್ರ ಒಳಗೆ ಬಿಡಲ್ಲ. ಇಲ್ಲಿ ಕೊಟ್ಟು ಹೋಗಿ, ಟೋಕನ್ ಕೊಡ್ತೀನಿ."

ಖಾಕಿ ತೊಟ್ಟವನು ಕೈ ಚಾಚಿದ್ದೇ ತಡ, ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ನೋಡಿದ್ಯಾ? ನಾನು ಹೇಳಲಿಲ್ವಾ? ಇನ್ನೂ ಕಿತ್ಕೋತಾನೇ ಇದಾರೆ!" ಗಲಾಟೆ ಕೇಳಿ ತಂತಿಯಣ್ಣ ಹೊರಗೆ ಬಂದ, ಅಮ್ಮನನ್ನು ನೋಡಿದ, ಶಾಲಿನ ಗಂಟನ್ನು ನೋಡಿದ, ಕಾವಲಿನವನಿಗೆ, "ಬಿಡಯ್ಯಾ, ಸ್ಟುಡಿಯೋ ಸಾಮಾನು, ರಿಪೇರಿಗೆ ಕೊಟ್ಟಿದ್ದೆ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಒಳಗೆ ಕರೆದುಕೊಂಡ.

ಹಜಾರದಲ್ಲಿ ಅಮ್ಮ ನಿಂತುಬಿಟ್ಟಳು. ಸುದ್ದಿಯಕ್ಕ ಮುಂದೆ ಹೋಗಿದ್ದವಳು ತಿರುಗಿ ನೋಡಿದರೆ, ಅಮ್ಮ ಗಾಜಿನ ಬೀರುವಿಗೆ ಹಣೆ ತಾಗಿಸಿ ನಿಂತಿದ್ದಾಳೆ.

"ಬಾಮ್ಮಾ, ಹೊತ್ತಾಯ್ತು."

"ಇದು ಇಲ್ಲಿದೆ" ಅಂದಳು ಅಮ್ಮ.

"ಏನು?"

"ನೀನು ಹೊಟ್ಟೇಲಿದ್ದಾಗ ನನ್ನ ಕೈ ಜಾರಿ ಬಿತ್ತು. ತಿರುಗಿಸೋದು ಒಡೆದೋಯ್ತು. ಬೈತಾರೇನೋ ಅಂತ ಅಳ್ತಾ ಕೂತಿದ್ದೆ. ನಿಮ್ಮಪ್ಪ ಒಂದು ಮಾತೂ ಅನ್ನಲಿಲ್ಲ. ಮದುವೆ ಕೋಟಿನ ಗುಂಡಿ ಕಿತ್ರು, ಕೂರಿಸಿದ್ರು, ಹಾಡು ಹಾಕಿದ್ರು."

ಸುದ್ದಿಯಕ್ಕ ಆ ಕಂದು ಗುಂಡಿಯನ್ನು ನೋಡಿದಳು. ದಿನಾ ನೋಡಿದ ಗುಂಡಿ. ಜಿಪುಣ ಎಂದು ನಕ್ಕ ಗುಂಡಿ. ಟ್ರಂಕಿನಲ್ಲಿ ಇದೇ ಜಾತಿಯ ಗುಂಡಿಗಳಿರುವ ಕೋಟನ್ನು ಎಷ್ಟು ಸಲ ಕೈಯಲ್ಲಿ ಹಿಡಿದಿಲ್ಲ ಅವಳು! ಗುಂಡಿ ನೋಡಿ ಬಟ್ಟೆಯ ವಯಸ್ಸು ಹೇಳುವ ದರ್ಜಿಗೆ ಸ್ವಂತ ಅಪ್ಪನ ಗುಂಡಿ ಗುರುತು ಸಿಗಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಅದರ ಕೆಳಗಿನ ಚೀಟಿ ಇನ್ನೊಮ್ಮೆ ಓದಿದಳು. ಅಜ್ಞಾತ ಬಳಕೆದಾರ. ಅಜ್ಞಾತ ಅಂತೆ! ಮನೆ ಹುಡುಕಿಕೊಂಡು ಬಂದು, ಹೆಸರು ಬರೆದುಕೊಂಡು, ನೀರು ಕುಡಿದು, ಹೊತ್ತುಕೊಂಡು ಹೋದವರಿಗೆ ಅವನು ಅಜ್ಞಾತ!

ಗೇಟಿನ ಸದ್ದು ಕೇಳಿ ಸಾಹೇಬ ಮೆಟ್ಟಿಲಿಳಿದು ಬಂದ. "ಏನಿದು ಮೇಡಂ? ಯಾರಿವರು?"

"ನಮ್ಮಮ್ಮ."

"ಓ, ನಮಸ್ಕಾರಮ್ಮ. ಬೀರು ನೋಡ್ತಿದಾರಾ? ಚೆನ್ನಾಗಿದೆ ಅಲ್ವಾ?"

ಅಮ್ಮನಿಗೆ ಅವನ ಮಾತು ತಿಳಿಯಲಿಲ್ಲ, ನಗು ತಿಳಿಯಿತು. ಅದೇ ಹಳೆಯ ನಗು. ಶಾಲು ಬಿಚ್ಚಿದಳು. ತನ್ನ ರೇಡಿಯೋವನ್ನು ಬೀರುವಿನ ಗಾಜಿಗೆ ಆನಿಸಿ ಹಿಡಿದು, ಮಗಳ ಕಡೆ ತಿರುಗಿದಳು. "ಹೇಳು ಅವನಿಗೆ. ಅವತ್ತು ಅವನ ಜನ ಬಂದು ಕೇಳಿದಾಗ ನಾನು ಸುಳ್ಳು ಹೇಳಿದೆ. ನಮ್ಮನೇಲಿ ರೇಡಿಯೋ ಇದೆ. ಒಂದು ನನ್ನ ಕೈಯಲ್ಲಿದೆ, ಒಂದನ್ನ ಇವರು ಕದ್ದು ಇಲ್ಲಿಟ್ಟಿದಾರೆ. ಎರಡೂ ಬರ್ಕೋ ಅನ್ನು."

ಅಷ್ಟು ವರ್ಷ ಸುದ್ದಿಯಕ್ಕನ ಬಾಯಲ್ಲಿ ಮಾತು ಒಂದೇ ಕಡೆಗೆ ಹರಿದಿತ್ತು, ಮೇಲಿಂದ ಕೆಳಕ್ಕೆ. ಅವತ್ತು ಮೊದಲ ಸಲ ಅದು ಏರಿತು. ಮೆದು ಮಾಡಲಿಲ್ಲ, ಕದ್ದು ಎಂಬುದನ್ನು ತೆಗೆದು ಎಂದು ಮಾಡಲಿಲ್ಲ. ಅಮ್ಮ ಅಂದದ್ದನ್ನು ಅಂದ ಹಾಗೆಯೇ, ಸುದ್ದಿ ಓದುವ ದನಿಯಲ್ಲೇ ದೊಡ್ಡ ಭಾಷೆಯಲ್ಲಿ ಸಾಹೇಬನ ಮುಖಕ್ಕೆ ಹೇಳಿ, "ಎರಡೂ ಬರ್ಕೋ" ಎಂದು ಮುಗಿಸಿದಳು.

ಸಾಹೇಬನ ಕಿವಿ ಕೆಂಪಾಯಿತು. "ಕದ್ದು ಅಂದ್ರೆ ಏನ್ರೀ? ಅದು ಆಗಿನ ಕಾನೂನು. ಈಗ ಸರ್ಕಾರದ ಆಸ್ತಿ."

"ನಾನು ಸುದ್ದಿ ಓದೋಳು ಸಾರ್. ಅವರು ಹೇಳಿದ್ದನ್ನ ಹೇಳಿದೆ."

"ಸರಿ, ರೇಡಿಯೋ ಇದೆ ಅಂತಾನೇ ಇಟ್ಕೊಳ್ಳಿ. ಇದ್ರೆ ನಿಮ್ಮ ಕಾರ್ಯಕ್ರಮಾನೇ ಕೇಳ್ತಾರೆ ಅಂತ ಏನು ಖಾತ್ರಿ? ಸಿನಿಮಾ ಹಾಡು ಕೇಳ್ತಿರಬಹುದು. ಮಗಳ ಪರವಾಗಿ ತಾಯಿ ಬಂದಿದಾರೆ, ಅದನ್ನೊಂದು ಪುರಾವೆ ಅನ್ನೋಕಾಗುತ್ತಾ? ಆ ಓಣೀಲಿ ನಿಮ್ಮ ಮಾತು ಕೇಳೋರು ಇದಾರೆ ಅಂತ ತೋರಿಸಿ. ನಾಳೆ ಮಧ್ಯಾಹ್ನದ ತನಕ ಟೈಮಿದೆ." ಆಮೇಲೆ ದನಿ ತಗ್ಗಿಸಿ ಸೇರಿಸಿದ, "ನಿಮಗೇನೂ ಅನ್ಯಾಯ ಆಗಲ್ಲ ಮೇಡಂ. ಕಾರ್ಯಕ್ರಮ ನಿಂತ ಮೇಲೆ ನಿಮ್ಮ ದನೀನ ರೆಕಾರ್ಡ್ ಮಾಡಿಸಿ ಇಡ್ತೀವಿ. ಭಾಷೆ ಉಳಿಬೇಕಲ್ವಾ? ಅದಕ್ಕೆ ನಿಧಿ ಇದೆ."

"ಅಂದ್ರೆ ಬೀರೂಲಿ ಇನ್ನೂ ಜಾಗ ಇದೆ" ಅಂದಳು ಸುದ್ದಿಯಕ್ಕ. ಅಮ್ಮನ ಕೈ ಹಿಡಿದು ಸ್ಟುಡಿಯೋಕ್ಕೆ ನಡೆದಳು. ಹೋಗುವಾಗ ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತು, ಒಂದೊಂದೇ ರೇಡಿಯೋವನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದಳು, ಅಳತೆ ತೆಗೆದುಕೊಳ್ಳುವವಳ ಹಾಗೆ.

ಕೆಂಪು ದೀಪ ಹೊತ್ತಿತು. ಅಮ್ಮ ತಂತಿಯಣ್ಣನ ಪಕ್ಕ, ಗಾಜಿನಾಚೆ ಕೂತಿದ್ದಳು, ಮಡಿಲಲ್ಲಿ ರೇಡಿಯೋ. ದೇಶದ ಸುದ್ದಿ ಆಯಿತು. ಊರಿನ ಸುದ್ದಿ ಆಯಿತು. ಸಮೀಕ್ಷೆಯ ಬಗ್ಗೆ ಒಂದಕ್ಷರ ಆಡಲಿಲ್ಲ, ಕಾರ್ಯಕ್ರಮ ಮುಚ್ಚುವ ಬಗ್ಗೆಯೂ ಇಲ್ಲ. ಕೊಟ್ಟ ಮಾತು ಮಾತೇ. ತೀರಿಕೊಂಡವರ ಹೆಸರು, ನೀರು, ಪಾಳಿ. ಕೊನೆಗೆ ಎಂದಿನ ತಣ್ಣನೆಯ ದನಿಯಲ್ಲೇ 'ಕಳೆದದ್ದು ಸಿಕ್ಕಿದ್ದು' ಶುರು ಮಾಡಿದಳು.

"ಸಿಕ್ಕಿದ್ದು. ಕೋಟಿನ ಗುಂಡಿ ಹಾಕಿದ ರೇಡಿಯೋ ಒಂದು. ವಾರಸುದಾರರು ದರ್ಜಿ ಅಂಗಡಿಯ ಅಮ್ಮ. ಅವರು ಗುರುತು ಹಿಡಿದಿದಾರೆ. ಅದರ ಜೊತೆ ಸಿಕ್ಕಿದ್ದು: ಮೂಲೆ ಒಡೆದು ಸೈಕಲ್ ಟ್ಯೂಬು ಸುತ್ತಿದ ರೇಡಿಯೋ ಒಂದು. ತೊಗಲಿನ ಪಟ್ಟಿಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದೊಂದು. ಬೆನ್ನ ಮೇಲೆ ಮಕ್ಕಳು ಮೊಳೆಯಲ್ಲಿ ಕುದುರೆ ಗೀಚಿದ್ದೊಂದು, ಕುದುರೆಗೆ ಮೂರೇ ಕಾಲು." ಹೀಗೆ ಬೀರುವಿನ ಅಷ್ಟನ್ನೂ, ಒಂದೂ ಬಿಡದೆ, ಎಂದಿನ ಹಾಗೆ ಎರಡೆರಡು ಸಲ ಹೇಳಿದಳು. "ಇವೆಲ್ಲ ಇಷ್ಟು ವರ್ಷ ನಮ್ಮ ರೇಡಿಯೋ ಕೇಂದ್ರದಲ್ಲೇ ಜೋಪಾನವಾಗಿದ್ದಾವೆ. ಕಳ್ಕೊಂಡೋರು, ಅವರ ಮಕ್ಕಳು ಮೊಮ್ಮಕ್ಕಳು, ನಾಳೆ ಬೆಳಿಗ್ಗೆ ಕೇಂದ್ರದ ಗೇಟಿಗೆ ಬಂದು ಗುರುತು ಹೇಳಿ. ಸುದ್ದಿ ಮುಗಿಯಿತು."

ಸಾಹೇಬ ತನ್ನ ಕೋಣೆಯ ಸ್ಪೀಕರಿನಲ್ಲಿ ಕೇಳುತ್ತಿದ್ದ. ಯಾವತ್ತೂ ಕೇಳಿದವನಲ್ಲ, ಅವತ್ತು ಕೇಳಿದ. ಒಂದು ಪದವೂ ತಿಳಿಯಲಿಲ್ಲ. ದೀಪ ಆರಿದ ಮೇಲೆ ಇಳಿದು ಬಂದು ತಂತಿಯಣ್ಣನನ್ನು ಹಿಡಿದ. "ಕೊನೇಲಿ ಏನೋ ಉದ್ದುದ್ದ ಹೇಳಿದ್ರಲ್ಲ, ಏನದು? ಸಮೀಕ್ಷೆ ಬಗ್ಗೆನಾ?"

"ನಂಗೆಲ್ಲಿ ತಿಳಿಯುತ್ತೆ ಸಾರ್ ಅವರ ಭಾಷೆ. ಕೊಡೆ ಗಿಡೆ ಕಳೆದೋಗಿರ್ಬೇಕು" ಅಂದ ತಂತಿಯಣ್ಣ, ಅಡಕೆ ಅಗಿಯುತ್ತ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಆದರೆ ಅಮ್ಮ ಪಕ್ಕದಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸುತ್ತ ನಗುತ್ತಿದ್ದುದನ್ನು ನೋಡಿ, ಒಳ್ಳೆಯದೇನೋ ಆಯಿತು ಎಂದುಕೊಂಡಿದ್ದ.

ಮರುದಿನ ಬೆಳಿಗ್ಗೆ ಕಾವಲಿನವನು ಏದುಸಿರು ಬಿಡುತ್ತ ಸಾಹೇಬನ ಕೋಣೆಗೆ ಓಡಿದ. ಸಾಹೇಬ ವರದಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದ ಹೊತ್ತು. ಎದ್ದು ಕಿಟಕಿಯ ಪರದೆ ಸರಿಸಿ ನೋಡಿದ. ಗೇಟಿನಿಂದ ಶುರುವಾದ ಸಾಲು ಕಾಂಪೌಂಡಿನ ಗೋಡೆಯುದ್ದಕ್ಕೂ ಹೋಗಿ, ಬಸ್ ಸ್ಟಾಪು ದಾಟಿ, ತಿರುವಿನಾಚೆ ಮರೆಯಾಗಿತ್ತು. ಊರುಗೋಲಿನ ಮುದುಕರು, ಪಾಳಿ ಮುಗಿಸಿ ನೆಟ್ಟಗೆ ಬಂದ ಗಿರಣಿಯ ಹೆಂಗಸರು, ಮೊಮ್ಮಕ್ಕಳನ್ನು ಎತ್ತಿಕೊಂಡವರು. ಬೀರುವಿನಲ್ಲಿದ್ದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ. ತಮ್ಮದೂ ಉಗ್ರಾಣದಲ್ಲೆಲ್ಲೋ ಇರಬಹುದು ಎಂದು ಬಂದವರು. ಪೇಪರಿನಲ್ಲಿ ಬಂದಿರಲಿಲ್ಲ, ಗೋಡೆಗೆ ಯಾರೂ ಅಂಟಿಸಿರಲಿಲ್ಲ. ಹಿಂದಿನ ಸಂಜೆ ಒಂದೇ ಕಡೆ, ಒಂದೇ ಭಾಷೆಯಲ್ಲಿ ಹೇಳಿದ ಮಾತು.

ಸಾಹೇಬ ಗೇಟಿಗೆ ಇಳಿದು ಬಂದ. ಸಾಲಿನ ಮೊದಲಿಗೆ ಇಸ್ತ್ರಿ ಅಂಗಡಿಯ ಅತ್ತೆ ಇದ್ದಳು. ಪಕ್ಕದಲ್ಲಿ ಸುದ್ದಿಯಕ್ಕ, ಕೊರಳಲ್ಲಿ ಅಳತೆ ಟೇಪು. ಅಂಗಡಿ ತೆರೆದವಳು ಹಾಗೇ ಬಂದಿದ್ದಳು.

"ಇವರಿಗೆ ಏನು ಬೇಕಂತೆ?" ಅಂದ ಸಾಹೇಬ.

ಸುದ್ದಿಯಕ್ಕ ಅತ್ತೆಯನ್ನು ಮನೆಮಾತಿನಲ್ಲಿ ಕೇಳಿದಳು. ಅತ್ತೆ ಸಾಹೇಬನ ಕೈಯಲ್ಲಿ ಇನ್ನೂ ತೆರೆದೇ ಇದ್ದ ಪೆನ್ನನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಈ ಸಲ ಅಲ್ಲಿ ನಗು ಇರಲಿಲ್ಲ. ಅತ್ತೆ ಹೇಳಿದಳು, ಸುದ್ದಿಯಕ್ಕ ಅದನ್ನು ಮೇಲಕ್ಕೆ ದಾಟಿಸಿದಳು.

"ನಮ್ಮ ರೇಡಿಯೋ ಕೊಡಿ ಅಂತಿದಾರೆ ಸಾರ್. ಸಂಜೆ ಸುದ್ದಿ ಕೇಳಬೇಕಂತೆ."